ಒದೆಯುವ ಕಾಲಿನ ಹೆಬ್ಬೆರಳು

ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ನಾನು ದೇವರ ಫೋಟೋ ನೋಡುವುದಿಲ್ಲ. ಬಲಗಾಲಿನ ಹೆಬ್ಬೆರಳು ನೋಡುತ್ತೇನೆ. ಮಲಗಿದಲ್ಲೇ ಹೊದಿಕೆ ಸರಿಸಿ ಏಳು ಎಂದು ಅದಕ್ಕೆ ಹೇಳುತ್ತೇನೆ. ಅದು ಎದ್ದರೆ ನಾನು ಏಳುತ್ತೇನೆ. ಒಂದು ವರ್ಷದಿಂದ ಹೀಗೇ ನಡೆದಿದೆ. ನಡು ನೋವಿನವರು ಯಾವ ಊರಲ್ಲಿ ಇಲ್ಲ? ಅವರಲ್ಲೂ ಯಾರಾದರೂ ಹೀಗೆ ಕಾಲು ನೋಡಿಕೊಂಡು ಹೆದರುತ್ತಿರಬಹುದು. ಅಂಥವರಿಗೆ ಜೊತೆಗೊಬ್ಬಳು ಇದ್ದಾಳೆ ಎಂದು ಗೊತ್ತಾಗಲಿ ಅಂತ ಬರೆದಿದ್ದೇನೆ.

ನನ್ನ ಹೆಸರು ಭೀಮಬಾಯಿ. ಊರು ವಾಡಿ. ವಯಸ್ಸು ಆಧಾರ್ ಕಾರ್ಡಿನ ಪ್ರಕಾರ ಅರವತ್ತೆಂಟು. ಅದನ್ನು ಬರೆದುಕೊಂಡವನು ನನ್ನ ಮುಖ ನೋಡಿ ಬರೆದುಕೊಂಡ. ಶಾಲೆಗೆ ಹೋದವಳಲ್ಲ, ಮಕ್ಕಳಾದ ಮೇಲೆ ಸಂಜೆಯ ಸಾಕ್ಷರತಾ ಶಾಲೆಯಲ್ಲಿ ಅಕ್ಷರ ಕಲಿತೆ. ಮೂವತ್ತು ವರ್ಷ ಶಹಾಬಾದ್, ವಾಡಿ ಕಡೆಯ ಖಣಿಗಳಲ್ಲಿ ಫರಸಿ ಕಲ್ಲು ಸಾಗಿಸಿದೆ. ನಿಮ್ಮ ಮನೆಯ ನೆಲಕ್ಕೆ ಹಾಸುವ ನೀಲಿ ಕಲ್ಲು ಅದೇ.

ಇನ್ನೊಂದು ಮಾತು ಮೊದಲೇ ಹೇಳಬೇಕು. ನಾನು ಕಾಲು ಮುಂದಾಗಿ ಹುಟ್ಟಿದವಳು. ಎಲ್ಲರದೂ ತಲೆ ಮೊದಲು ಬಂದರೆ ನನ್ನದು ಪಾದ ಬಂತಂತೆ. ನಮ್ಮ ಕಡೆ ಅಂಥವರ ಕಾಲಿಗೆ ಒಂದು ಕೆಲಸ ಇದೆ. ನಡು ಹಿಡಿದವರು ಅಮಾವಾಸ್ಯೆಯ ಮುಂಜಾನೆ ಬರಿ ಹೊಟ್ಟೆಯಲ್ಲಿ ಬಂದು ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ನಾವು ಬಲಗಾಲಿನಿಂದ ಅವರ ನಡುವಿಗೆ ಮೂರು ಸಲ ಒದೆಯಬೇಕು. ಅವರು ಹಿಂದಿರುಗಿ ನೋಡದೆ ಹೋಗಬೇಕು. ಅವರು ಏನೂ ಕೊಡಬಾರದು, ನಾವು ಏನೂ ಇಸಿದುಕೊಳ್ಳಬಾರದು. ಆರು ವರ್ಷದವಳಿದ್ದಾಗಿನಿಂದ ಒದ್ದಿದ್ದೇನೆ. ಗೌಡರನ್ನು ಒದ್ದಿದ್ದೇನೆ, ಮಾಸ್ತರರನ್ನು ಒದ್ದಿದ್ದೇನೆ. ಖಣಿಯಲ್ಲಿ ಕೆಲಸ ಮಾಡಿಸುತ್ತ ದಿನವೂ ನನಗೆ ಬೈಯುತ್ತಿದ್ದ ಮುಕಾದಮನನ್ನೂ ಒದ್ದಿದ್ದೇನೆ. ಅವನಿಗೆ ನಾಲ್ಕನೆಯದೂ ಹಾಕಿದೆ.

"ಮೂರೇ ಅಲ್ಲೇನ ಬೇ?" ಅಂದ ಗೋಡೆಯ ಕಡೆ ಮುಖ ಮಾಡಿಕೊಂಡೇ.

"ನಿಮ್ಮ ನಡ ಭಾಳ ಹಟಮಾರಿ ಅದರೀ" ಅಂದೆ.

ಒದ್ದರೆ ಗುಣವಾಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಬಂದವರು ಗುಣವಾಯಿತು ಅನ್ನುತ್ತಿದ್ದರು. ಗುಣವಾಗದವರು ತಿರುಗಿ ಹೇಳಲಿಕ್ಕೆ ಬರುತ್ತಿರಲಿಲ್ಲ.

ಅರವತ್ತು ದಾಟಿದ ಮೇಲೆ ನಾನು ಆಟಗಾರ್ತಿಯಾದೆ. ನಗಬೇಡಿ. ಚಿತ್ತಾಪುರದಲ್ಲಿ ಹಿರಿಯ ನಾಗರಿಕರ ಕ್ರೀಡಾಕೂಟ ಎಂದರು, ಊಟ ಇರುತ್ತದೆ ಎಂದರು, ಹೋದೆ. ಅಲ್ಲಿ ಒಬ್ಬ ಮೇಡಂ ಕೈಗೆ ಕಬ್ಬಿಣದ ಗುಂಡು ಕೊಟ್ಟು "ಎಷ್ಟು ದೂರ ಒಗೀತೀರಿ ನೋಡಮು" ಅಂದರು. ಫರಸಿ ಹೊತ್ತ ಕೈಗೆ ಅದು ಹುಣಸೆ ಬೀಜ. ಒಗೆದೆ. ಗೆರೆ ಹಿಡಿದು ನಿಂತಿದ್ದವನು ಹಿಂದಕ್ಕೆ ಹಾರಿದ. ಅವತ್ತಿನಿಂದ ವರ್ಷಾ ವರ್ಷಾ ಹೋದೆ. ತಾಲ್ಲೂಕಿನಲ್ಲಿ ಗೆದ್ದೆ, ಜಿಲ್ಲೆಯಲ್ಲಿ ಗೆದ್ದೆ. ಬೆಳಿಗ್ಗೆ ರೈಲ್ವೆ ಕ್ವಾರ್ಟರ್ಸಿನ ಬಾಜೂ ಬಯಲಿನಲ್ಲಿ ಒಂದು ಗುಂಡುಕಲ್ಲು ಇಟ್ಟುಕೊಂಡು ಒಗೆಯುತ್ತಿದ್ದೆ. ಖಣಿಯಲ್ಲಿ ಮೂವತ್ತು ವರ್ಷ ಕಲ್ಲು ಎತ್ತಿದಾಗ ಯಾರೂ ಚಪ್ಪಾಳೆ ಹೊಡೆದಿರಲಿಲ್ಲ. ಇಲ್ಲಿ ಒಂದು ಕಲ್ಲು ಬಿಸಾಕಿದ್ದಕ್ಕೆ ಹೊಡೆದರು. ಅದರ ರುಚಿ ಹತ್ತಿತು ಎಂದು ಒಪ್ಪುತ್ತೇನೆ.

ನಡು ನೋವು ಅಷ್ಟರಲ್ಲಾಗಲೇ ನನಗೆ ಇತ್ತು. ಖಣಿ ಬಿಟ್ಟ ವರ್ಷ ಮೊದಲು ಬಂತು, ಐದು ದಿನ ಇದ್ದು ಹೋಯಿತು. ಆಮೇಲೆ ವರ್ಷಕ್ಕೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ. ಯಾರಿಗೂ ಹೇಳಲಿಲ್ಲ. ಊರಿನ ನಡು ಒದೆಯುವವಳ ನಡು ಮುರಿದಿದೆ ಎಂದರೆ ಯಾರು ಬರುತ್ತಾರೆ? ಆಟಕ್ಕಾದರೂ ಯಾರು ಕರೆಯುತ್ತಾರೆ? ಖಣಿಯ ಹೆಂಗಸರು ಮಾಡುವುದನ್ನೇ ಮಾಡಿದೆ. ಹಳೆಯ ಸೀರೆಯನ್ನು ಹಗ್ಗದ ಹಾಗೆ ಹೊಸೆದು ನಡುವಿಗೆ ಬಿಗಿದು ಕಟ್ಟಿದೆ, ಕೌದಿ ತೆಗೆದು ಬರಿ ಫರಸಿಯ ಮೇಲೆ ಮಲಗಿದೆ. ಗಟ್ಟಿ ಕಲ್ಲು ಗಟ್ಟಿ ನಡು ಕೊಡುತ್ತದೆ ಎಂದು ನಮ್ಮ ನಂಬಿಕೆ. ಒಂದು ದಿನದ ಕಟ್ಟು ಒಂದು ವಾರದ್ದಾಯಿತು, ಆಮೇಲೆ ಬಿಚ್ಚಲೇ ಇಲ್ಲ.

ಹೋದ ವರ್ಷ ಶ್ರಾವಣ ಮುಗಿದ ಮೇಲೆ ಒಂದು ಮುಂಜಾನೆ ಬಚ್ಚಲಲ್ಲಿ ನೀರಿನ ಚರಗಿ ತೆಗೆದುಕೊಳ್ಳಲು ಬಾಗಿದೆ. ಬಾಗಿದವಳು ಹಾಗೇ ನಿಂತೆ. ಕಲ್ಲು ಎತ್ತುವಾಗ ಮುರಿಯದ ನಡು ಚರಗಿ ಎತ್ತುವಾಗ ಮುರಿಯಿತು. ಕುಂಡಿಯಿಂದ ಹಿಮ್ಮಡಿಯವರೆಗೆ ಕಾದ ತಂತಿ ಎಳೆದ ಹಾಗಾಯಿತು. ಕೂಗಿದೆ. ಸೊಸೆ ರೇಣುಕಾ ಓಡಿ ಬಂದು ಬಾಗಿಲು ತೆರೆದಳು. ನನ್ನನ್ನು ಆ ಸ್ಥಿತಿಯಲ್ಲಿ ನೋಡಿದ ಮೊದಲನೆಯವಳು ಅವಳು. ನನಗೆ ನೋವಿಗಿಂತ ನಾಚಿಕೆ ಹೆಚ್ಚಾಯಿತು.

ನನ್ನ ಗಂಡ ಶಿವಪ್ಪ ಖಣಿಯಲ್ಲಿ ಸುತ್ತಿಗೆ ಹಿಡಿದವನು. ಆ ಸದ್ದಿಗೆ ಒಂದು ಕಿವಿ ಹೋಗಿದೆ, ನಾಲಿಗೆ ಮಾತ್ರ ನೆಟ್ಟಗಿದೆ.

"ಏ ಭೀಮೀ, ಊರ ಮಂದೀಗೆಲ್ಲ ಒದ್ದಿ. ಈಗ ನಿನಗ ಯಾರು ಒದಿಬೇಕು? ನಾ ಒದಿಲೇನು?"

"ನೀವು ತಲಿ ಮುಂದಾಗಿ ಹುಟ್ಟೀರಿ. ನಿಮ್ಮ ಒದಿಗಿ ಬೆಲಿ ಇಲ್ಲ, ಸುಮ್ಮಿರ್ರಿ."

ರೇಣುಕಾ ನಗಲಿಲ್ಲ. "ಅತ್ತೀ, ಸೇಡಂಕ ಹೋಗಮು ನಡೀರಿ. ನಮ್ಮ ಅವ್ವಗ ತೋರಿಸಿದ ಎಲುಬಿನ ಡಾಕ್ಟರ್ ಅಲ್ಲೇ ಅದಾರ" ಅಂದಳು. ಅವಳ ತವರು ಸೇಡಂ.

ನಾನು ಒಲ್ಲೆ ಅಂದೆ. ನಮ್ಮ ಗಲ್ಲಿಯ ಒಬ್ಬ ಬೆನ್ನಿನ ಆಪರೇಷನ್ ಮಾಡಿಸಿಕೊಂಡು ಬಂದವನು ಮಂಚ ಬಿಟ್ಟು ಏಳಲೇ ಇಲ್ಲ. ಅವನ ಹೆಂಡತಿ ಅವನನ್ನು ಸಂಡಾಸಕ್ಕೆ ಎತ್ತಿಕೊಂಡು ಹೋಗುವುದನ್ನು ಕಣ್ಣಾರೆ ನೋಡಿದ್ದೇನೆ. ಆಪರೇಷನ್ ಆಗಿ ಛಲೋ ಓಡಾಡುವವರು ಮೂವರ ಹೆಸರು ರೇಣುಕಾ ಹೇಳಿದಳು. ಆ ಮೂವರೂ ನನ್ನ ತಲೆಯಲ್ಲಿ ನಿಲ್ಲಲಿಲ್ಲ, ಅವನೊಬ್ಬನೇ ನಿಂತ. ಹೆದರಿಕೆ ಹಾಗೆಯೇ, ತನಗೆ ಬೇಕಾದ್ದನ್ನೇ ಆರಿಸಿಕೊಳ್ಳುತ್ತದೆ.

ಡಾಕ್ಟರ ಬದಲು ನಾನು ದಂಡೋತಿಗೆ ಹೋದೆ.

ದಂಡೋತಿಯಲ್ಲಿ ಮೆಹಬೂಬಿ ಎಂಬವಳಿದ್ದಾಳೆ. ಅವಳೂ ಕಾಲು ಮುಂದಾಗಿ ಹುಟ್ಟಿದವಳು, ನನ್ನ ವಯಸ್ಸಿನವಳು. ಮುಖ ನೋಡಿರಲಿಲ್ಲ, ಹೆಸರು ಕೇಳಿ ಕೇಳಿ ಹೊಟ್ಟೆ ಉರಿದಿತ್ತು. ವಾಡಿಯವಳು ಒದ್ದರೆ ಒಂದು ತಿಂಗಳು, ದಂಡೋತಿಯವಳು ಒದ್ದರೆ ಆರು ತಿಂಗಳು ಎಂದು ಜನ ನನ್ನ ಅಂಗಳದಲ್ಲೇ ನಿಂತು ಅನ್ನುತ್ತಿದ್ದರು. ಅಂಥವಳ ಮನೆಗೆ ಹೋಗುವುದು ಸಣ್ಣ ಮಾತಲ್ಲ. ಆಟೋದಲ್ಲಿ ಕೂಡಲಿಕ್ಕಾಗದೆ, ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿ ಹೋದೆ. ಶಿವಪ್ಪ ಡ್ರೈವರನ ಬಾಜೂ ಕುಳಿತ.

ಬಾಗಿಲಲ್ಲಿ ಕುಳಿತಿದ್ದವಳು ಏಳಲಿಲ್ಲ. ಸಣ್ಣ ದೇಹ, ಬಿಳಿ ಕೂದಲು. "ಯಾರ್ರೀ?" ಅಂದಳು.

"ನಾ ವಾಡಿ ಭೀಮಬಾಯಿ."

"ಒದಿಯಾಕಿ?"

"ಹೂಂ."

"ಯಾ ಅಲ್ಲಾ!" ಎಂದು ಹಣೆ ಬಡಿದುಕೊಂಡಳು. "ನಾನೇ ನಿನ್ನ ಕಡಿ ಬರಬೇಕಂತ ಮಾಡಿದ್ದೆ. ನನ್ನ ನಡ ಹಿಡದು ಹದಿನೈದು ದಿನ ಆಯ್ತು ಬೇ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಶಿವಪ್ಪ ಹಿಂದಿನಿಂದ, "ಎರಡೂ ಬಾವಿ ಬತ್ತ್ಯಾವ. ಇನ್ನ ನೀರಿಗಿ ಎಲ್ಲಿ ಹೋಗಾದು?" ಅಂದ. ಅವಳು ಅವನಿಗೆ ಅಂಗಳ ತೋರಿಸಿ "ಅಣ್ಣಾ, ಹೊರಗ ಕುಂದ್ರು" ಎಂದು ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು. ಆಮೇಲೆ ಅಂದಳು:

"ಬಾಜೂ ಬಾಜೂ ಕುಂತು ಅಳಾದ್ರಾಗ ಏನದ? ನಾ ನಿನಗ ಒದೀತೀನಿ, ನೀ ನನಗ ಒದಿ."

"ಇವತ್ತು ಅಮಾಸಿ ಅಲ್ಲ."

"ಒದಿಯೋರು ಇಬ್ಬರು ಅದೀವಿ. ಅಮಾಸಿ ಯಾತಕ ಬೇಕು?"

ಮೊದಲು ಯಾರು ಎಂದು ಸ್ವಲ್ಪ ಹೊತ್ತು ಜಗಳವಾಯಿತು. ಮೊದಲು ಒದೆಸಿಕೊಂಡವಳಿಗೆ ಆಮೇಲೆ ಕಾಲು ಎತ್ತಲಿಕ್ಕೆ ಬರದಿದ್ದರೆ? ಕೊನೆಗೆ, ಮನೆಗೆ ಬಂದ ಬೀಗರಿಗೆ ಮೊದಲ ಮರ್ಯಾದೆ ಎಂದು ನನ್ನನ್ನೇ ಗೋಡೆಗೆ ನಿಲ್ಲಿಸಿದಳು. ಅವಳ ದೇಹ ಹಗುರ, ಹಿಮ್ಮಡಿ ಒನಕೆ. ಮೂರನೆಯ ಒದೆಗೆ ನನ್ನ ಕಾಲಿನುದ್ದ ಬೆಂಕಿ ಇಳಿದು ಪಾದದಲ್ಲಿ ಹೊರಗೆ ಹೋಯಿತು. ನೋವು ಹೋಗುತ್ತಿದೆ ಎಂದುಕೊಂಡೆ. ಆಮೇಲೆ ನಾನು ಅವಳನ್ನು ಒದ್ದೆ. ಆ ಉರಿಯ ಸಿಟ್ಟಿನಲ್ಲಿ, ವರ್ಷಗಳ ಹೊಟ್ಟೆಕಿಚ್ಚೂ ಸೇರಿಸಿ ಒದ್ದೆ. ಇದನ್ನು ಅವಳಿಗೆ ಇನ್ನೂ ಹೇಳಿಲ್ಲ. ಯಾರಾದರೂ ಓದಿ ಹೇಳಿದರೆ ತಿಳಿಯುತ್ತದೆ. ಅವಳು ಗೋಡೆ ಹಿಡಿದು ಕುಸಿದು ಕುಳಿತಳು. ನಿಯಮದ ಪ್ರಕಾರ ನಾನು ಹಿಂದಿರುಗಿ ನೋಡದೆ ಬಂದೆ.

ಮರುದಿನ ಎದ್ದರೆ ನೋವು ಅರ್ಧ ಕಡಿಮೆ. ಗೆದ್ದೆ ಎಂದುಕೊಂಡು ಅಂಗಳಕ್ಕೆ ಇಳಿದೆ. ಬಲಗಾಲಿನ ಚಪ್ಪಲಿ ಜಾರಿ ಹಿಂದೆ ಉಳಿಯಿತು. ಮತ್ತೆ ಹಾಕಿಕೊಂಡೆ, ಮತ್ತೆ ಉಳಿಯಿತು. ನಡೆದರೆ ಪಾದ ಟಪ್ ಟಪ್ ಎಂದು ನೆಲಕ್ಕೆ ಬೀಳುತ್ತಿತ್ತು. ಹಗ್ಗದ ಹೊರಸಿನ ಮೇಲೆ ಕುಳಿತು ಹೆಬ್ಬೆರಳಿಗೆ ಏಳು ಅಂದೆ. ಏಳಲಿಲ್ಲ. ಎಡಗಾಲಿನದು ಎದ್ದಿತು, ಬಲಗಾಲಿನದು ಬೇರೆ ಯಾರದೋ ಕಾಲಿನ ಬೆರಳಿನ ಹಾಗೆ ಬಿದ್ದಿತ್ತು. ಊರೆಲ್ಲ ಒದ್ದ ಕಾಲು ಅದು.

"ರೇಣುಕಾ, ಸೇಡಂಕ ಗಾಡಿ ಎಷ್ಟಕ್ಕದ?" ಅಂದೆ. ಅವಳು ಸೀರೆ ಬದಲಿಸಲು ಹೋದಳು.

ಸೇಡಂ ದವಾಖಾನೆಯ ಪಾಳಿ ಕಾಯುವ ಕೋಣೆಯಲ್ಲಿ ಸಾಲು ಸಾಲು ಕುರ್ಚಿಗಳು. ನಡು ನೋವಿನವರನ್ನು ನೋಡುವ ಡಾಕ್ಟರ ಹತ್ತಿರ ಕುರ್ಚಿಯಲ್ಲಿ ಕೂಡಲಾರದವರೇ ಬರುತ್ತಾರೆ ಎಂದು ಯಾರಿಗೂ ಹೊಳೆದಿರಲಿಲ್ಲ. ಗೋಡೆ ಹಿಡಿದು ಒಂದು ತಾಸು ನಿಂತೆ. ಕಂಪೌಂಡರ್ ಎರಡು ಸಲ ಬಂದು "ಕುಂದ್ರಿ ಆಯಿ" ಅಂದ. ನಾನು ಕೆಳಗೆ ಬೀಳುವ ಹಾಗಾದಾಗ ಯಾರೋ ಒಬ್ಬ ಮುದುಕ ಹೆಗಲ ಮೇಲಿನ ಟವೆಲ್ ಜಾಡಿಸಿ ನೆಲಕ್ಕೆ ಹಾಸಿದ. "ಮಕ್ಕೋ ತಂಗೀ. ಇಲ್ಲಿ ಯಾರೂ ಅರಾಮ ಇದ್ದು ಬಂದಿಲ್ಲ" ಅಂದ. ಮಲಗಿದೆ. ಕೆಳಗೆ ಫರಸಿ ತಣ್ಣಗಿತ್ತು. ನಾನೇ ಸಾಗಿಸಿದ ಕಲ್ಲೂ ಇರಬಹುದು. ಜನ ನನ್ನನ್ನು ದಾಟಿಕೊಂಡು ಓಡಾಡಿದರು. ನಾನು ಬೆರಳಿಗೆ ಏಳು ಏಳು ಎನ್ನುತ್ತ ಮಲಗಿದ್ದೆ.

ಆಗ ಮೇಲಿನಿಂದ ಒಂದು ಮುಖ ಬಾಗಿತು. "ನೀವು ವಾಡಿ ಭೀಮವ್ವ ಅಲ್ಲೇನ್ರಿ?"

ಕೋಡ್ಲಾ ಊರಿನ ಹೆಂಗಸು. ಎರಡು ವರ್ಷದ ಹಿಂದೆ ಅವಳನ್ನು ಒದ್ದಿದ್ದೆ. ಸೆರಗು ಮುಖದ ಮೇಲೆ ಎಳೆದುಕೊಂಡರೂ ಬಿಡಲಿಲ್ಲ.

"ಒದಿಯೋರೇ ಇಲ್ಲಿ ಪಾಳಿ ಹಚ್ಚೀರಂದ್ರ ನಮ್ಮ ಗತಿ ಏನ್ರೀ?"

"ನೀ ಯಾಕ ಬಂದೀದಿ?"

"ನಡ ನೋವಿಗಿರಿ."

"ಗುಣ ಆಯ್ತಂತ ಹೇಳಿದ್ಯಲ್ಲ?"

ಅವಳು ಕಾಲು ಬದಲಿಸಿ ನಿಂತಳು. "ನಿಮ್ಮ ಮನಸ್ಸಿಗಿ ಬ್ಯಾಸರ ಆಗಬಾರದಂತ ಹೇಳಿದ್ನ್ರಿ."

ರೇಣುಕಾ ನನ್ನ ಕೈ ಹಿಡಿದುಕೊಂಡಿದ್ದಳು. ಇನ್ನೊಂದು ಕೈಯಿಂದ ಸೆರಗು ಬಾಯಿಗೆ ಒತ್ತಿಕೊಂಡಳು. ನಗು ತಡೆದುಕೊಳ್ಳುತ್ತಿದ್ದಾಳೆ ಎಂದು ಗೊತ್ತಾಯಿತು. ಅರವತ್ತು ವರ್ಷ ಒದ್ದದ್ದರ ಲೆಕ್ಕ ಹೀಗೆ ನೆಲದ ಮೇಲೆ ಮಲಗಿದ್ದಾಗ ಮುಗಿಯಿತು.

ಡಾಕ್ಟರ್ ಬೆನ್ನು ನೋಡಿದವರೇ, "ಇದೇನಿದು, ಹಿಮ್ಮಡಿ ಹೊಡದಂಗ ಗುರ್ತು?" ಅಂದರು. ಹೇಳಿದೆ. ಅವರು ಬೈಯಲಿಲ್ಲ. "ನಮ್ಮ ಅಜ್ಜಿನೂ ಒದಿಸ್ಕೋತಿದ್ಳು" ಎಂದು ಪೆನ್ನು ಕೆಳಗಿಟ್ಟರು. ಆಮೇಲೆ ನನ್ನ ಹೆಬ್ಬೆರಳ ಮೇಲೆ ತಮ್ಮ ಬೆರಳಿಟ್ಟು "ಮ್ಯಾಲ ತಳ್ರಿ ಆಯಿ" ಅಂದರು. ತಳ್ಳಿದೆ. ಮೈಯೆಲ್ಲ ಬೆವರಿತು, ಬೆರಳು ಒಂದಿಷ್ಟು ಮಿಸುಕಿತು. ಕಲಬುರಗಿಗೆ ಹೋಗಿ ಕೊಳವೆಯೊಳಗೆ ಮಲಗಿಸುವ ಫೋಟೋ ತೆಗೆಸಿ ಬರಲು ಹೇಳಿದರು. ಮರುದಿನ ಆ ಕೊಳವೆಯೊಳಗೆ ಖಣಿಯ ಡ್ರಿಲ್ಲಿನ ಹಾಗೆ ಸದ್ದು. ಎಲ್ಲರೂ ಹೆದರುತ್ತಾರಂತೆ. ನನಗೆ ಕೆಲಸದ ಜಾಗ ನೆನಪಾಗಿ ಜರಾ ಕಣ್ಣು ಹತ್ತಿತು. ಆ ದಿನಗಳಲ್ಲಿ ಹೆದರಿಕೆ ಇಲ್ಲದೆ ಮಲಗಿದ್ದು ಅಲ್ಲೊಂದೇ ಕಡೆ.

ಫೋಟೋ ನೋಡಿ ಡಾಕ್ಟರ್ ಹೇಳಿದ್ದು ಇಷ್ಟು: "ಕಾಲಿನ ನರ ಒತ್ತಿ ಹಿಡದದ. ಬೆರಳು ಸೋತದ, ಪೂರಾ ಸತ್ತಿಲ್ಲ. ಆರು ವಾರ ವ್ಯಾಯಾಮ ಮಾಡ್ರಿ. ವಾರಕ್ಕೊಮ್ಮೆ ಇಲ್ಲಿ ಬೆರಳು ತೋರಿಸ್ರಿ. ಬಲ ಬಂತು ಛಲೋ. ಬರಲಿಲ್ಲ, ಇಲ್ಲಾ ಇನ್ನಾ ಇಳೀತು ಅಂದ್ರ ಆಪರೇಷನ್. ಅಷ್ಟರಾಗ ಉಚ್ಚಿ ಕಟ್ಟಿದ್ರ, ಕೂಡೋ ಜಾಗಕ್ಕ ಜೋಮು ಹಿಡದ್ರ ವಾರ ಗೀರ ನೋಡಬ್ಯಾಡ್ರಿ, ಅವತ್ತೇ ಬರ್ರಿ."

"ಗುಂಡು ಒಗಿಲಿಕ್ಕ ಬರ್ತದೇನ್ರಿ?" ಅಂದೆ.

"ಮೊದಲ ಚಪ್ಪಲಿ ಕಾಲಾಗ ನಿಲ್ಲಲಿ" ಅಂದರು.

ವ್ಯಾಯಾಮ ಕಲಿಸುವವರು ಬೇರೆ, ಒಬ್ಬ ಫಿಜಿಯೋ ಮೇಡಂ. ಮೊದಲ ದಿನ ನನ್ನ ನಡುವಿನ ಕಟ್ಟು ಬಿಚ್ಚಿದರು. ಬಿಚ್ಚಿದರು, ಬಿಚ್ಚಿದರು, ಸುತ್ತಿನ ಮೇಲೆ ಸುತ್ತು. "ಇದೇನ್ ಪೂರಾ ಸೀರಿನೇ ಅದ ಅಲ್ರೀ!" ಅಂದರು. ವರ್ಷಗಟ್ಟಲೆ ಕಟ್ಟಿ ನಡುವಿನ ಸ್ನಾಯುಗಳನ್ನು ಮೈಗಳ್ಳರನ್ನಾಗಿ ಮಾಡಿದ್ದೇನೆ, ಸೀರೆ ದುಡಿಯುತ್ತದೆ ಎಂದು ಅವು ಮಲಗಿಬಿಟ್ಟಿವೆ ಎಂದರು. ಬರಿ ಕಲ್ಲಿನ ಮೇಲೆ ಮಲಗುವುದನ್ನೂ ಬಿಡಿಸಿದರು. ಕಟ್ಟಿಲ್ಲದೆ ಎದ್ದು ನಿಂತಾಗ ಮೈಯಲ್ಲಿ ಎಲುಬೇ ಇಲ್ಲದ ಹಾಗೆ ಅನಿಸಿತು. ಬಾಗಿಲವರೆಗೆ ಹೋಗುವಷ್ಟರಲ್ಲಿ ಎರಡು ಸಲ ಕೈ ನಡುವಿಗೆ ಹೋಯಿತು.

ಹೇಳಿಕೊಟ್ಟ ವ್ಯಾಯಾಮ ನೋಡಿ ಎದೆ ಇನ್ನಷ್ಟು ಕುಸಿಯಿತು. ಅಂಗಾತ ಮಲಗಿ, ಮೊಣಕಾಲು ಮಡಿಸಿ, ಕುಂಡಿ ಗೇಣೆತ್ತರ ಎತ್ತಿ ಇಳಿಸುವುದು. ಎಮ್ಮೆಯ ಹಾಗೆ ಕೈಕಾಲು ಊರಿ, ಒಂದು ಕೈ ಮುಂದೆ, ಎದುರಿನ ಕಾಲು ಹಿಂದೆ ಚಾಚುವುದು. ಪಾದಕ್ಕೆ ಟವೆಲ್ ಹಾಕಿ ಎಳೆದು ಬೆರಳು ಮೇಲೆ ಮಾಡುವುದು. ನಡೆಯುವುದು. ಒಂದೊಂದು ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಇಷ್ಟಕ್ಕೆ ಒಂದು ಕಾಲು ಉಳಿಯುತ್ತದೆಯೇ? ಇದು ಕೂಸುಗಳ ಆಟ. ನನ್ನ ಕಾಲಿಗೆ ಆರು ವಾರದ ಗಡುವು ಬಿದ್ದಿದೆ, ಇವರು ಹತ್ತು ಸಲ ಕುಂಡಿ ಎತ್ತು ಎನ್ನುತ್ತಿದ್ದಾರೆ.

ಎರಡನೆಯ ವಾರ ಮೆಹಬೂಬಿಯ ಫೋನು ಬಂತು. "ನೀ ಒದ್ದಿದ್ದಲ್ಲ ಬೇ, ಲಾರಿ ಹಾಯಿಸಿದಂಗ ಆಯ್ತು. ಎಂಟು ದಿನ ಗೋಡಿ ಹಿಡದು ನಡದೀನಿ."

ಅವಳಿಗೆ ಬೈಯಲು ಬಿಟ್ಟೆ. ಆಮೇಲೆ ಒಂದೇ ಮಾತು ಕೇಳಿದೆ. "ನಿನ್ನ ಕಾಲಿನ ಹೆಬ್ಬೆಟ್ಟು ಮ್ಯಾಲ ಏಳ್ತದೇನು?"

"ಏನಂದಿ?"

"ಹೆಬ್ಬೆಟ್ಟು. ಮ್ಯಾಲ ಮಾಡಿ ನೋಡು."

ಅವಳು ಫೋನು ನೆಲಕ್ಕಿಟ್ಟ ಸದ್ದಾಯಿತು. ನನ್ನ ಕಾಲು ಹೋದರೆ ಅದು ನನ್ನ ಹುಚ್ಚುತನ, ಅವಳ ಕಾಲು ಹೋದರೆ? "ಎರಡೂ ಎದ್ದಾವ" ಅಂದಳು. "ಯಾಕ?" ನನ್ನದು ಏಳುತ್ತಿಲ್ಲ ಎಂದು ಹೇಳಿದೆ. ಅವಳು ಅತ್ತಳು. ನನಗೆ ಅಳು ಬರಲಿಲ್ಲ. ಅವತ್ತು ಒಂದು ಮಾತಾಯಿತು. ದಿನವೂ ಮುಂಜಾನೆ ಬೆರಳು ನೋಡಿಕೊಂಡ ಮೇಲೆ ಒಬ್ಬರಿಗೊಬ್ಬರು ಒಂದು ಮಿಸ್ ಕಾಲ್ ಕೊಡುವುದು. ಎದ್ದರೆ ಒಂದು ರಿಂಗು, ಇಲ್ಲದಿದ್ದರೆ ಇಲ್ಲ. ಆ ದಿನಗಳಲ್ಲಿ ಅವಳ ರಿಂಗು ಬರುತ್ತಿತ್ತು, ನನ್ನಿಂದ ಹೋಗುತ್ತಿರಲಿಲ್ಲ.

ಮೂರನೆಯ ವಾರ ನಾನು ಎರಡನೆಯ ತಪ್ಪು ಮಾಡಿದೆ. ಹತ್ತು ಎಂದರೆ ಹತ್ತು ಮಾಡುವವರು ಖಣಿಯಲ್ಲಿ ಉಳಿಯುವುದಿಲ್ಲ. ಮುಕಾದಮ ಹತ್ತು ಕಲ್ಲು ಎಂದರೆ ಹದಿನೈದು ಸಾಗಿಸಿದವಳಿಗೇ ಮರುದಿನ ಕೆಲಸ. ಆಟದಲ್ಲೂ ಹಾಗೇ ಗೆದ್ದಿದ್ದೆ. ಅದೇ ರೂಢಿಯಲ್ಲಿ ಹತ್ತನ್ನು ನೂರು ಮಾಡಿದೆ. ನಾಲ್ಕನೆಯ ದಿನ ಹೊರಸಿನಿಂದ ಏಳಲು ಆಗಲಿಲ್ಲ. ರೇಣುಕಾ ಎರಡೂ ಕಂಕುಳಿಗೆ ಕೈ ಕೊಟ್ಟು ನನ್ನನ್ನು ಸಂಡಾಸಕ್ಕೆ ನಡೆಸಿದಳು. ಆಪರೇಷನ್ ಆದ ಆ ಗಲ್ಲಿಯವನ ಹೆಂಡತಿಯೇ ನನ್ನ ಕಣ್ಣ ಮುಂದೆ ಬಂದಳು. ಬಾಗಿಲ ಹೊರಗೆ ನಿಂತು ರೇಣುಕಾ ಹೇಳಿದಳು: "ಅತ್ತೀ, ನಾ ಬಾಣಂತಿ ಇದ್ದಾಗ ನೀವು ನನಗ ಹಿಂಗೇ ಹಿಡದು ತಂದಿದ್ರಿ. ನಾ ಏನ್ ಸತ್ತಿದ್ನೇನು?" ಅವತ್ತಿನ ಮೇಲೆ ಅವಳ ಕೈ ಭಾರ ಅನಿಸಲಿಲ್ಲ.

ಫಿಜಿಯೋ ಮೇಡಂ ಬೈದರು. "ಹತ್ತಂದ್ರ ಹತ್ತೇ. ನಡ ಅಂದ್ರ ಎತ್ತಿ ಒಗಿಯೋ ಗುಂಡಲ್ಲ." ಎರಡು ದಿನ ಬರಿ ನಡಿಗೆ, ಆಮೇಲೆ ಮೊದಲಿನಿಂದ ಹತ್ತು ಎಂದರು. ವಾಡಿಗೆ ಬರುವ ರೈಲಿನಲ್ಲಿ, ಬಾಗಿಲ ಹತ್ತಿರ ನಿಂತು, ಹೊರಗೆ ಹಿಂದೆ ಸರಿಯುವ ಕಲ್ಲಿನ ರಾಶಿಗಳನ್ನು ನೋಡುತ್ತಿದ್ದಾಗ ನನಗೆ ನನ್ನ ಕೆಲಸ ನೆನಪಾಯಿತು. ದೊಡ್ಡ ಫರಸಿಯನ್ನು ನಾವು ಎತ್ತುವುದಿಲ್ಲ. ಹೊಸದಾಗಿ ಬಂದವರು ಎತ್ತಲು ಹೋಗಿ ಬೀಳುತ್ತಾರೆ. ಬಲ್ಲವರು ಕಲ್ಲನ್ನು ಅಂಚಿನ ಮೇಲೆ ನಿಲ್ಲಿಸಿ, ಒಂದು ಮೂಲೆ ಮುಂದೆ, ಆಮೇಲೆ ಇನ್ನೊಂದು ಮೂಲೆ ಮುಂದೆ, ಹೀಗೆ ಹೊರಳಿಸಿ ನಡೆಸಿಕೊಂಡು ಹೋಗುತ್ತಾರೆ. ಒಂದು ಸಲಕ್ಕೆ ನಾಲ್ಕು ಬೆರಳು ಸರಿದರೆ ಸಾಕು. ಅವಸರ ಮಾಡಿದರೆ ಕಲ್ಲು ಒಡೆಯುತ್ತದೆ, ಇಲ್ಲ ಕಾಲ ಮೇಲೆ ಬೀಳುತ್ತದೆ. ಮೂವತ್ತು ವರ್ಷ ಕಲ್ಲು ನಡೆಸಿದವಳು ನನ್ನ ನಡುವನ್ನು ಮಾತ್ರ ಎತ್ತಲು ಹೋಗಿದ್ದೆ. ಅಂದಿನಿಂದ ಹತ್ತು ಎಂದರೆ ಹತ್ತು. ಹನ್ನೊಂದು ಮಾಡಲು ಮೈ ತುರಿಸುತ್ತಿತ್ತು, ಮಾಡಲಿಲ್ಲ.

ಕ್ರೀಡಾಕೂಟದ ದಿನ ಬಂದು ಹೋಯಿತು. ನಾನು ಅಂಗಾತ ಮಲಗಿ ಕುಂಡಿ ಎತ್ತುತ್ತಿದ್ದೆ. ಯಾರು ಗೆದ್ದರು ಎಂದು ಯಾರನ್ನೂ ಕೇಳಲಿಲ್ಲ.

ನಾಲ್ಕನೆಯ ವಾರ ಬೆರಳು ನೆಲ ಬಿಟ್ಟಿತು ಎಂದು ನನಗನಿಸಿತು. ರೇಣುಕಾಳನ್ನು ಕರೆದೆ. ಅವಳು ಬಾಗಿ ನೋಡಿ "ಹೂಂ ಅತ್ತೀ" ಅಂದಳು. ಕೋಡ್ಲಾದವಳ ಹಾಗೆ ಇವಳೂ ನನ್ನ ಮನಸ್ಸಿಗೆ ಬೇಸರ ಆಗಬಾರದು ಅಂತ ಹೇಳುತ್ತಿದ್ದಾಳೋ ಏನೋ. ಶಿವಪ್ಪನನ್ನು ಕರೆದೆ. ಅವನು ಸುಳ್ಳು ಹೇಳಲಾರ. ಕನ್ನಡಕ ಹಾಕಿಕೊಂಡು ಬೆರಳ ಕೆಳಗೆ ಅವನ ಬೀಡಿ ಕಟ್ಟಿನ ಕಾಗದ ಸರಿಸಿ ನೋಡಿದ. ಕಾಗದ ಆಚೆ ಹೋಯಿತು. "ಕಾಗದದಷ್ಟು ಎದ್ದದ" ಅಂದ. ಅವತ್ತು ಮೆಹಬೂಬಿಗೆ ಮೊದಲ ರಿಂಗು ಕೊಟ್ಟೆ. ಅವಳು ನಿಯಮ ಮುರಿದು ಫೋನ್ ಎತ್ತಿ "ಶುಕರ್ ಅಲ್ಲಾ" ಎಂದು ಕೂಗಿದಳು. ಮರುದಿನ ಮತ್ತೆ ಏಳಲಿಲ್ಲ. ಅದರ ಮರುದಿನ ಎದ್ದಿತು. ಆ ಎರಡು ವಾರ ನಾನು ಹೇಗೆ ಉಂಡೆನೋ ಗೊತ್ತಿಲ್ಲ.

ಆರನೆಯ ವಾರದ ದಿನ ಅದೇ ಕೋಣೆ. ಈ ಸಲ ಒಂದು ಚಾಪೆ ಹಾಸಿದ್ದರು. ಕಂಪೌಂಡರ್ "ನಿಮ್ಮ ಸಲುವಾಗಿ ಹಾಕೀವಿ ಆಯಿ" ಅಂದ. ಅದರ ಮೇಲೆ ಆಗಲೇ ಬೇರೊಬ್ಬಳು ಮಲಗಿದ್ದಳು. ನಾನು ನಿಂತೆ. ನಿಲ್ಲಲಿಕ್ಕೆ ಬಂತು. ಒಳಗೆ ಡಾಕ್ಟರ್ ಬೆರಳಿಟ್ಟು "ತಳ್ರಿ" ಅಂದರು. ನಾನು ಅವರ ಮುಖ ನೋಡಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡಿದೆ. ತಳ್ಳಿದೆ. ಅವರು ಒತ್ತಿದರು. ಇನ್ನೊಮ್ಮೆ ಅಂದರು. ಮತ್ತೆ ತಳ್ಳಿದೆ.

"ಅರ್ಧಕ್ಕಿಂತ ಜಾಸ್ತಿ ಬಲ ಬಂದದ" ಅಂದರು. "ಕೊಯ್ಯಾದು ಬ್ಯಾಡ. ಆದ್ರ ವ್ಯಾಯಾಮ ಬಿಟ್ಟೀರಿ, ಮತ್ತ ಇಲ್ಲೇ ಬರ್ತೀರಿ. ಇದು ಜಲ್ಮಕ್ಕ."

ಹೊರಗೆ ಬಂದು ಚಪ್ಪಲಿ ಹಾಕಿಕೊಂಡೆ. ಸ್ಟೇಷನ್‌ವರೆಗೆ ಅದು ಕಾಲಲ್ಲೇ ಇತ್ತು. ರೇಣುಕಾ ಹಿಂದೆ ಹಿಂದೆ ನಡೆದು ಅದನ್ನೇ ನೋಡುತ್ತಿದ್ದಳಂತೆ.

ಆಮೇಲೆ ಒಂದು ವರ್ಷ. ಗುಣವಾಯಿತು ಎಂದು ಬರೆದರೆ ಸುಳ್ಳು. ನಡು ಎರಡು ಸಲ ಹಿಡಿಯಿತು. ಒಮ್ಮೆ ಮೂರು ದಿನ, ಒಮ್ಮೆ ಒಂಬತ್ತು. ಹಿಡಿದಾಗಲೆಲ್ಲ ಇದೇ ಕೊನೆ ಎಂದು ಎದೆ ಹೊಡೆದುಕೊಳ್ಳುತ್ತದೆ. ಏನನ್ನಾದರೂ ತೆಗೆದುಕೊಳ್ಳಲು ಬಾಗುವ ಮೊದಲು ಒಂದು ಕ್ಷಣ ನಿಲ್ಲುತ್ತೇನೆ, ಮೊಣಕಾಲು ಮಡಿಸಿ ಕುಂಡಿ ಹಿಂದೆ ಹಾಕುತ್ತೇನೆ. ಚರಗಿಯನ್ನು ಈಗಲೂ ನಂಬುವುದಿಲ್ಲ. ಈ ವರ್ಷ ಚಿತ್ತಾಪುರಕ್ಕೆ ಹೋದೆ. ಮೈ ತಿರುಗಿಸದೆ, ನಿಂತಲ್ಲಿಂದ, ಹಗುರ ಗುಂಡು ಒಗೆದೆ. ನಾಲ್ವರಲ್ಲಿ ಮೂರನೆಯವಳಾದೆ. ನಾಲ್ಕನೆಯವಳು ಗೆರೆ ತುಳಿದಿದ್ದಳು. ಚಪ್ಪಾಳೆ ಹೊಡೆದರು, ನನ್ನ ಕಿವಿಗೆ ಬೀಳಲಿಲ್ಲ. ಗುಂಡು ಕೈ ಬಿಟ್ಟ ಕೂಡಲೇ ಬೂಟಿನೊಳಗೆ ಬೆರಳಿಗೆ ಬಲ ಇದೆಯೋ ಎಂದು ಎತ್ತಿ ನೋಡುತ್ತಿದ್ದೆ. ಇತ್ತು.

ಒದೆಯುವುದು ಬಿಟ್ಟಿದ್ದೇನೆ. ಆದರೂ ಅಮಾವಾಸ್ಯೆಗೆ ಒಬ್ಬಿಬ್ಬರು ಬರುತ್ತಾರೆ. ಹೋದ ತಿಂಗಳು ಮುಕಾದಮ ಬಂದ. ಅವನಿಗೆ ಈಗ ಎಂಬತ್ತು ಆಗಿರಬೇಕು. ಬಂದವನೇ ರೂಢಿಯಂತೆ ಗೋಡೆಗೆ ಮುಖ ಮಾಡಿ ನಿಂತ.

"ಇತ್ತಾಗ ತಿರುಗ್ರಿ. ಮೊದಲ ಕಾಲಿನ ಹೆಬ್ಬೆಟ್ಟು ಮ್ಯಾಲ ಮಾಡಿ ತೋರಿಸ್ರಿ" ಅಂದೆ.

"ಅದ್ಯಾತಕ ಬೇ?"

"ತೋರಿಸ್ರಿ."

ಎರಡೂ ಎದ್ದವು. ನನಗೆ ಉಸಿರು ಬಂತು. "ಬೆರಳು ಛಲೋ ಅದಾವ. ನಾಳಿ ಸೇಡಂಕ ಹೋಗಿ ಡಾಕ್ಟರಿಗಿ ನಡ ತೋರಿಸ್ರಿ. ಅವ್ರು ಹೇಳಿದ್ದು ಮಾಡ್ರಿ. ಹತ್ತಂದ್ರ ಹತ್ತೇ."

"ಅಷ್ಟು ದೂರ ಹೋಗಾದಕ್ಕಿಂತ ನೀನೇ ಒದ್ದಿದ್ರ ಛಲೋ ಇತ್ತು" ಎಂದು ಗೊಣಗಿದ. ಹೋಗುವಾಗ ಬಾಗಿಲಲ್ಲಿ ನಿಂತು ಹಿಂದಿರುಗಿ ನೋಡಿದ. ನೋಡಬಾರದೆಂಬ ನಿಯಮ ಈಗ ಇಲ್ಲ.

ಇದನ್ನು ಬರೆದು ಮುಗಿಸುವ ಇವತ್ತು ಮುಂಜಾನೆ ನನ್ನ ಬೆರಳು ಎದ್ದಿತು. ದಂಡೋತಿಗೆ ಒಂದು ರಿಂಗು ಕೊಟ್ಟೆ. ಅಲ್ಲಿಂದ ತಿರುಗಿ ಬರಲಿಲ್ಲ. ಚಹಾ ಆಯಿತು, ಬರಲಿಲ್ಲ. ಹತ್ತು ಸಲ ಕುಂಡಿ ಎತ್ತಿ ಇಳಿಸಿದೆ, ಕಣ್ಣು ಫೋನಿನ ಮೇಲೆಯೇ. ನಾನು ಸಿಟ್ಟಿನಲ್ಲಿ ಒದ್ದ ಆ ನಡು ಕಣ್ಣ ಮುಂದೆ ಬಂತು. ಕೊನೆಗೆ ನಾನೇ ಫೋನ್ ಹಚ್ಚಿದೆ. ಬಹಳ ಹೊತ್ತು ಬಡಿದುಕೊಂಡಿತು. ಆಮೇಲೆ ಆಕಳಿಸುತ್ತ ಎತ್ತಿದಳು.

"ಏ ಮೆಹಬೂಬೀ, ಬೆರಳು ಎದ್ದದೋ ಇಲ್ಲೋ?"

"ಬೆರಳು ಎದ್ದದ ಬೇ" ಅಂದಳು. "ನಾ ಇನ್ನಾ ಎದ್ದಿಲ್ಲ."